ಕಂಪೆನಿ ಟಯರಿನ ಕಾರು

ನಿತ್ಯಾನಂದ ಶೆಟ್ಟರನ್ನು ನೀವು ಏನು ಬೇಕಾದರೂ ಅನ್ನಿ, ನಗುತ್ತಾರೆ. ಅವರ ಹೊಟ್ಟೆಯ ಬಗ್ಗೆ ತಮಾಷೆ ಮಾಡಿ, ನಗುತ್ತಾರೆ. ಬ್ರೋಕರ್ ಎಂದು ಕರೆಯಿರಿ, ಅದಕ್ಕೂ ನಗುತ್ತಾರೆ. ಆದರೆ ಕಾರು ನೋಡಲು ಬಂದ ಯಾರಾದರೂ ಮೀಟರಿನ ಕಡೆ ಬೆರಳು ತೋರಿಸಿ, “ಇದು ತಿರುಗಿಸಿದ್ದಲ್ಲ ತಾನೇ?” ಎಂದು ಕೇಳಿದರೆ ಮಾತ್ರ ಮುಖ ಬಿಗಿಯುತ್ತದೆ. “ಎದುರಿನ ಹೋಟೆಲಿನಲ್ಲಿ ಚಾ ಒಳ್ಳೆದುಂಟು, ಕುಡಿದು ಹೋಗಿ” ಎಂದು ಹೇಳಿ ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ವ್ಯಾಪಾರ ಅಲ್ಲಿಗೆ ಮುಗಿಯಿತು.

ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಏಕೆಂದರೆ ನನ್ನ ಮೇಜು ಇರುವುದೇ ಅವರ ಯಾರ್ಡಿನ ಬಾಗಿಲಲ್ಲಿ. ಮೂಡುಬಿದಿರೆ ಬಸ್ ನಿಲ್ದಾಣದಿಂದ ಅಲಂಗಾರಿನ ಕಡೆ ಹೋಗುವಾಗ ಒಂದು ತಗಡಿನ ಮಾಡು, ಅದರ ಕೆಳಗೆ ಏಳೆಂಟು ಹಳೆ ಕಾರು, ಎದುರು ನಾನು. ಹೆಸರು ಪದ್ಮಾಕ್ಷಿ. ಆರ್.ಸಿ. ವರ್ಗಾವಣೆಯ ಕಾಗದ ತುಂಬಿಸುವುದು, ಇನ್ಶೂರೆನ್ಸ್ ಮಾಡಿಸಿಕೊಡುವುದು ನನ್ನ ಕೆಲಸ. ನನ್ನ ನಾಲಿಗೆ ಉದ್ದ ಎಂದು ಶೆಟ್ಟರು ಬಂದವರಿಗೆಲ್ಲ ಹೇಳುತ್ತಾರೆ. ಅವರ ಮಾತನ್ನು ದಿನವಿಡೀ ಕೇಳಿಸಿಕೊಂಡರೆ ಯಾರ ನಾಲಿಗೆಯಾದರೂ ಉದ್ದವಾದೀತು.

ಪ್ರಾಯದಲ್ಲಿ ಶೆಟ್ಟರು ಮುಂಬಯಿಯಲ್ಲಿ ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಹಿಂದಿನ ದಿನದ ಸಾಂಬಾರಿಗೆ ಬಿಸಿನೀರು ಹೊಯ್ದು ಬಡಿಸಿದರೆಂದು ಮಾವನೊಡನೆ ಜಗಳವಾಡಿ ಊರಿಗೆ ಬಂದುಬಿಟ್ಟರಂತೆ. ಈ ಕತೆಯನ್ನು ಅವರು ಆಗಾಗ ಹೇಳುತ್ತಾರೆ. ಪ್ರತಿ ಸಲವೂ ಸಾಂಬಾರು ಇನ್ನೊಂದು ದಿನ ಹಳತಾಗುತ್ತದೆ. ತಮಾಷೆ ಬಿಟ್ಟು ಹೇಳುವುದಾದರೆ, ಕತೆ ಸುಳ್ಳೆಂದು ನನಗೆ ಅನ್ನಿಸಿಲ್ಲ. ಹಳಸಿದ್ದನ್ನು ಹೊಸತೆಂದು ಕೊಡಲು ಆ ಮನುಷ್ಯನಿಗೆ ಬರುವುದಿಲ್ಲ ಎಂದೇ ನಾನೂ ನಂಬಿದ್ದೆ.

ಅವರ ವ್ಯಾಪಾರದ ಜೀವವೆಂದರೆ ಕಡಿಮೆ ಓಡಿದ ಹಳೆ ಗಾಡಿ. ನಮ್ಮ ಕಡೆ ಅದಕ್ಕೇನೂ ಕೊರತೆಯಿಲ್ಲ. ಬಂಟ್ವಾಳ ತಾಲೂಕಿನಲ್ಲಿ ಮನೆಗೊಬ್ಬರಂತೆ ದುಬಾಯಿಯಲ್ಲೋ ದಮ್ಮಾಮಿನಲ್ಲೋ ಇದ್ದಾರೆ. ವರ್ಷಕ್ಕೊಂದು ತಿಂಗಳು ರಜೆಯಲ್ಲಿ ಬಂದಾಗ ಮದುವೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಓಡಾಡಲು ಒಂದು ಕಾರು ತೆಗೆದಿಡುತ್ತಾರೆ. ಉಳಿದ ದಿನವೆಲ್ಲ ಅದು ಪೋರ್ಟಿಕೋದಲ್ಲಿ ಕವರು ಹೊದ್ದು ಮಲಗಿರುತ್ತದೆ. ವಾರಕ್ಕೊಮ್ಮೆ ಯಾರೋ ಬಂದು ಸ್ಟಾರ್ಟ್ ಮಾಡಿ, ಗೇಟಿನವರೆಗೆ ತಂದು, ಹಿಂದೆ ಬಿಟ್ಟು ಹೋಗುತ್ತಾರೆ. ಹತ್ತು ಹನ್ನೆರಡು ವರ್ಷ ಕಳೆದು ಮಾರಲು ಹೊರಟಾಗ ನೋಡಿದರೆ, ಬೇರೆಯವರು ಎರಡೇ ವರ್ಷದಲ್ಲಿ ಓಡಿಸುವಷ್ಟೂ ಓಡಿರುವುದಿಲ್ಲ. ಅದೇ ವರ್ಷದ ಬೇರೆ ಕಾರಿಗೆ ಸಿಗುವ ಬೆಲೆಗಿಂತ ಇದಕ್ಕೆ ಎಷ್ಟೋ ಹೆಚ್ಚು ಸಿಗುತ್ತದೆ, ತೆಗೆದುಕೊಳ್ಳುವವರು ಕಾದು ಕುಳಿತಿರುತ್ತಾರೆ.

ತೊಂದರೆ ಏನೆಂದರೆ, ಈ ಬೆಲೆಯ ಆಸೆಗೆ ಎಷ್ಟೋ ಜನ ಲ್ಯಾಪ್‌ಟಾಪ್ ಹಚ್ಚಿ ಮೀಟರನ್ನು ಹಿಂದೆ ತಿರುಗಿಸುತ್ತಾರೆ. ಹಾಗಾಗಿ ನಿಜವಾಗಿ ಓಡದ ಗಾಡಿಯನ್ನೂ ಯಾರೂ ಸುಲಭಕ್ಕೆ ನಂಬುವುದಿಲ್ಲ. ಶೆಟ್ಟರು ಅದಕ್ಕೆ ತಮ್ಮದೇ ಒಂದು ಸಾಕ್ಷಿ ಹುಡುಕಿಕೊಂಡಿದ್ದರು. ಅದು ಟಯರು. ಪ್ರತಿ ಟಯರಿನ ಬದಿಯಲ್ಲಿ ಅದು ತಯಾರಾದ ವಾರ ಮತ್ತು ವರ್ಷದ ಅಂಕಿ ಇರುತ್ತದೆ. ಗಾಡಿಯ ವರ್ಷವೂ ಟಯರಿನ ವರ್ಷವೂ ಒಂದೇ ಆಗಿದ್ದು, ಮೇಲಿನ ಗೆರೆ ಇನ್ನೂ ಆಳವಾಗಿದ್ದರೆ, ಗಾಡಿ ಶೋರೂಮಿನಿಂದ ಬಂದಾಗಿನ ಟಯರನ್ನೇ ಸವೆಸಿಲ್ಲ ಎಂದಾಯಿತು. ಕಂಪೆನಿ ಟಯರು ಎಂದು ಅವರು ಹೇಳುವಾಗ ದೇವರ ಪ್ರಸಾದ ಹಂಚುವವರ ಮುಖ.

ಈ ಜಾಣತನವೇ ಅವರಿಗೆ ಮುಳುವಾಯಿತು.

ಪಾಣೆಮಂಗಳೂರಿನಿಂದ ನರಿಕೊಂಬಿನ ಕಡೆ ಹೋಗುವಲ್ಲಿ, ಹೊಳೆಯ ಬದಿಯಲ್ಲಿ ಶಾಹಿದಾ ಎಂಬವರ ಮನೆ. ಅವರ ಗಂಡ ದಮ್ಮಾಮಿನಲ್ಲಿದ್ದವರು, ಕೆಲಸ ಮುಗಿಸಿ ಊರಿಗೆ ಬರುವವರಿದ್ದರು. ಬಂದ ಮೇಲೆ ದೊಡ್ಡ ಗಾಡಿ ತೆಗೆಯುವ ಯೋಚನೆ. ಹಾಗಾಗಿ ಪೋರ್ಟಿಕೋದಲ್ಲಿದ್ದ ಬೆಳ್ಳಿ ಬಣ್ಣದ ಚಿಕ್ಕ ಕಾರನ್ನು ಮಾರಬೇಕಿತ್ತು. ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ನಾನೂ ಶೆಟ್ಟರ ಜೊತೆ ಹೋಗಿದ್ದೆ. 2011ರ ಕಾರು. ಕವರು ತೆಗೆದಾಗ ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಮೀಟರು ಹದಿನೆಂಟು ಸಾವಿರ ತೋರಿಸುತ್ತಿತ್ತು. ಶೆಟ್ಟರು ಸುತ್ತ ಒಂದು ಪ್ರದಕ್ಷಿಣೆ ಬಂದು, ಟಯರಿನ ಎದುರು ಕುಕ್ಕರಗಾಲಲ್ಲಿ ಕುಳಿತು, ಕರವಸ್ತ್ರದಿಂದ ಧೂಳು ಒರೆಸಿ, ಅಂಕಿ ಓದಿ, ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಶಾಹಿದಾ ಬಾಗಿಲಿನ ಒಳಗಿನಿಂದಲೇ ಕೇಳಿದರು: “ಶೆಟ್ರೇ, ನನ್ನ ತಮ್ಮ ಹೇಳಿದ, ಟಯರ್ ಎಲ್ಲ ಹಳತಾಗಿದೆ, ಕೊಡುವ ಮೊದಲು ನಾಲ್ಕೂ ಹೊಸತು ಹಾಕಿಸಿ ಕೊಡು ಅಂತ. ಹಾಕಿಸ್ಬೇಕಾ?”

“ಬೇಡ ಬೇಡ, ಮುಟ್ಟಲೇಬೇಡಿ!” ಶೆಟ್ಟರು ಗಾಬರಿಯಿಂದ ಎದ್ದರು. “ಹೊಸ ಟಯರ್ ಹಾಕಿದ್ರೆ ಹಳತು ಸವೆದು ಹೋಗಿತ್ತು ಅಂತ ಅರ್ಥ ಆಗ್ತದೆ ಅಕ್ಕ. ಮತ್ತೆ ಹದಿನೆಂಟು ಸಾವಿರ ಅಂದ್ರೆ ಯಾರು ನಂಬ್ತಾರೆ? ಮೀಟರ್ ಸುಳ್ಳು ಹೇಳೀತು, ಟಯರ್ ಹೇಳುವುದಿಲ್ಲ.”

“ನಿಂತು ನಿಂತು ಗಟ್ಟಿಯಾಗಿರುವುದಿಲ್ವಾ?”

“ಗೆರೆ ನೋಡಿ, ಹೊಸತರ ಹಾಗೆ ಉಂಟು.”

ಶಾಹಿದಾ ಸಹಿ ಹಾಕಿ ಕಾಗದ ಕೊಟ್ಟರು. ಖರ್ಚು ಮಾಡಲು ತಯಾರಿದ್ದವರನ್ನು ಇವರೇ ಬೇಡವೆಂದು ತಡೆದರು. ಈ ಒಂದು ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು, ಶೆಟ್ಟರಿಗಂತೂ ಇದು ಮರೆಯುವುದಿಲ್ಲ.

ಕಾರು ಯಾರ್ಡಿಗೆ ಬಂದ ವಾರದಲ್ಲೇ ನೆರಿಯದಿಂದ ಒಂದು ಕುಟುಂಬ ಬಂತು. ಶಶಿಕಿರಣ ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಶುಭಶ್ರೀಗೆ ಕಕ್ಕಿಂಜೆಯ ಹಾಲಿನ ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತೆಯ ಕೆಲಸ. ಮಗಳು ಅನ್ವಿತಾ ಆರನೆಯ ತರಗತಿ, ಶಾಲೆಯ ತ್ರೋಬಾಲ್ ತಂಡದಲ್ಲಿದ್ದಾಳೆಂದು ಬಂದು ಐದು ನಿಮಿಷದೊಳಗೆ ನನಗೆ ಹೇಳಿ ಮುಗಿಸಿದ್ದಳು. ನೆರಿಯ ಕಾಡಿನ ಅಂಚಿನ ಊರು, ಬಸ್ಸು ತಪ್ಪಿದರೆ ಕಾಯಬೇಕು, ಹುಡುಗಿಗೆ ಅಭ್ಯಾಸ ಮುಗಿಸಿ ಮನೆಗೆ ಬರಲು ಹೊತ್ತಾಗುತ್ತದೆ ಎಂದು ಕಾರು ಬೇಕಿತ್ತು.

ಮೇಷ್ಟ್ರು ಸಂಶಯದ ಮನುಷ್ಯ. ಮೀಟರಿನ ಬಗ್ಗೆ ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳಿದರು. ಶೆಟ್ಟರಿಗೆ ಆ ದಿನ ಸಿಟ್ಟು ಬರಲಿಲ್ಲ, ಸಾಕ್ಷಿ ಕೈಯಲ್ಲೇ ಇತ್ತಲ್ಲ. ಟಯರಿನ ಎದುರು ಕುಳಿತರು.

“ಮಾಷ್ಟ್ರೇ, ಈ ಕೊನೆಯ ಎರಡು ಅಂಕಿ ಓದಿ. ಹನ್ನೊಂದು ಅಲ್ವಾ? ಗಾಡಿಯೂ ಹನ್ನೊಂದರದ್ದು, ಟಯರೂ ಹನ್ನೊಂದರದ್ದು. ಮಗಾ, ನೀನು ಬಾ, ಈ ಗೆರೆಯೊಳಗೆ ಬೆರಳು ಹಾಕಿ ನೋಡು, ಎಷ್ಟು ಆಳ ಉಂಟು!”

ಅನ್ವಿತಾ ಬಲಗೈಯ ಬೆರಳನ್ನು ಗೆರೆಯೊಳಗೆ ಇಟ್ಟು, “ಹೌದಪ್ಪಾ, ಬೆರಳು ಒಳಗೆ ಹೋಗ್ತದೆ” ಎಂದಳು. ಮೇಷ್ಟ್ರು ಲೆಕ್ಕ ಸರಿಬಂದವರ ಹಾಗೆ ತಲೆಯಾಡಿಸಿದರು. ಕಾಗದ ನಾನೇ ಮಾಡಿಕೊಟ್ಟೆ. ಹೋಗುವಾಗ ಶುಭಶ್ರೀ ಕಾರಿನ ಮುಂದೆ ಒಂದು ತೆಂಗಿನಕಾಯಿ ಒಡೆದು, ಒಂದು ಹೋಳನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಎಪ್ರಿಲಿನ ಒಂದು ಬುಧವಾರ ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಶೆಟ್ಟರು ಒಂದು ಕಾರಿನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಬೇರೆ ಕಾರು, ಅದೂ ಗಲ್ಫಿನವರದ್ದು, ಅದೂ ಕಂಪೆನಿ ಟಯರಿನದ್ದು. ಗಾಳಿ ತುಂಬಿಸಿ ಬಿಸಿಲಿಗೆ ನಿಲ್ಲಿಸಿದ್ದರಂತೆ, ನಿಂತಲ್ಲೇ ಟಯರಿನ ಬದಿ ಸೀಳಿ ಬಾಯಿ ಬಿಟ್ಟಿತ್ತು. ಗೆರೆಗಳು ಮಾತ್ರ ಹಾಗೇ ಹೊಸತಾಗಿದ್ದವು. ಅವರು ಬೆರಳಿನಿಂದ ಸೀಳನ್ನು ಮುಟ್ಟಿದರೆ ಒಣಗಿದ ಹಪ್ಪಳದ ಹಾಗೆ ಪುಡಿ ಉದುರುತ್ತಿತ್ತು.

“ಹೋಗ್ಲಿ ಬಿಡಿ, ಮಾರುವ ಮೊದಲೇ ಗೊತ್ತಾಯ್ತಲ್ಲ” ಎಂದೆ. ಅವರು ಕೈಗಂಟಿದ ಪುಡಿ ಒರೆಸಿಕೊಂಡರು. ಒಳಗೆ ಬಂದು ಕುಳಿತು ಫೋನು ತೆಗೆದರು. ಅವರ ಎಡಕಿವಿ ಮಂದ, ಹಾಗಾಗಿ ಯಾವಾಗಲೂ ಸ್ಪೀಕರಿನಲ್ಲೇ ಮಾತು. ಯಾರಿಗೆ ಮಾಡಿದ್ದೆಂದು ಆ ಕಡೆಯ ದನಿ ಕೇಳಿದಾಗ ತಿಳಿಯಿತು.

“ಹೋ, ಶೆಟ್ರಾ! ಈಗಷ್ಟೇ ನಿಮ್ಮ ಹೆಸರು ತೆಗೆದದ್ದು” ಎಂದರು ಶುಭಶ್ರೀ. “ನಾಳೆ ಬೆಳಿಗ್ಗೆ ಹಾಸನಕ್ಕೆ ಹೊರಟಿದ್ದೇವೆ, ನನ್ನ ಅಕ್ಕನ ಮನೆಗೆ. ಗಾಡಿ ಉಂಟಲ್ಲ, ಇನ್ನು ಬಸ್ಸಿನ ರಗಳೆ ಇಲ್ಲ ಅಂತ ಇವರ ಹತ್ರ ಹೇಳ್ತಾ ಇದ್ದೆ. ಎಂತ ವಿಷಯ?”

ಶೆಟ್ಟರು ಬಾಗಿಲಾಚೆ ಸೀಳಿದ ಟಯರಿನ ಕಡೆ ನೋಡಿದರು. ಹೊರಗೆ ಧರ್ಮಸ್ಥಳದ ಬಸ್ಸು ಹಾರ್ನು ಹಾಕುತ್ತ ಹೋಯಿತು.

“ಎಂತದೂ ಇಲ್ಲ ಅಕ್ಕ. ಗಾಡಿ ಹೇಗುಂಟು ಅಂತ ಸುಮ್ಮನೆ ಕೇಳುವ ಅಂತ.”

“ಅಯ್ಯೋ, ಮಾರಿದ ಮೇಲೆ ಯಾರು ಕೇಳ್ತಾರೆ ಮಾರಾಯ್ರೆ! ಗಾಡಿ ಚಂದ ಉಂಟು. ಅನ್ವಿತಾಳಂತೂ ಅದರಿಂದ ಇಳಿಯುವುದೇ ಇಲ್ಲ.”

“ಹೊರಡುವ ಮೊದಲು ಗಾಳಿ ಒಮ್ಮೆ ನೋಡಿಸಿಕೊಳ್ಳಿ ಆಯ್ತಾ” ಎಂದು ಹೇಳಿ ಶೆಟ್ಟರು ಫೋನಿಟ್ಟರು. ಆಮೇಲೆ ಎದ್ದು ಹೋಗಿ ಸೀಳಿದ ಟಯರನ್ನು ಬಿಚ್ಚಿ ಯಾರ್ಡಿನ ಹಿಂದೆ ಎಸೆದು ಬಂದರು. ನನಗೆ ಆಗ ಏನೂ ಹೊಳೆಯಲಿಲ್ಲ. ಒಳ್ಳೆಯ ಬುದ್ಧಿ ಬಂದಿದೆ, ಗಿರಾಕಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಎಂದು ನಗೆಯಾಡಿದೆ. ಅವರು ನಗಲಿಲ್ಲ.

ಮರುದಿನ ಮೇಷ್ಟ್ರ ಮನೆಯವರು ಘಾಟಿ ಹತ್ತಿ ಮುಗಿಸಿ, ಬೇಲೂರಿನ ಕಡೆಯ ನೇರ ರಸ್ತೆಯಲ್ಲಿ, ಸುಡುಬಿಸಿಲಿನಲ್ಲಿ ಹೋಗುವಾಗ ಮುಂದಿನ ಬಲಗಡೆಯ ಟಯರು ಒಡೆಯಿತು. ಕಾರು ರಸ್ತೆ ಬಿಟ್ಟು ಒಂದು ಮರಕ್ಕೆ ಬಡಿಯಿತು. ಮೇಷ್ಟ್ರ ಹಣೆಗೆ ಹೊಲಿಗೆ ಬಿತ್ತು. ಶುಭಶ್ರೀಗೆ ಪೆಟ್ಟಾಗಲಿಲ್ಲ. ಹಿಂದೆ ಕುಳಿತಿದ್ದ ಅನ್ವಿತಾಳ ಬಲ ಮೊಣಕೈಯ ಗಂಟು ಮುರಿದು ಹೋಯಿತು.

ಇನ್ಶೂರೆನ್ಸ್ ನನ್ನ ಮೂಲಕ ಮಾಡಿಸಿದ್ದಾದ್ದರಿಂದ ಮೊದಲ ಫೋನು ನನಗೇ ಬಂತು. ಶೆಟ್ಟರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಎಂತ ಒಡೆದದ್ದು?” ಟಯರು ಎಂದೆ. 

ಮಂಗಳೂರಿನ ಆಸ್ಪತ್ರೆಗೆ ತಂದ ಮೇಲೆ ನಾವಿಬ್ಬರೂ ನೋಡಲು ಹೋದೆವು. ಶೆಟ್ಟರು ಕಿತ್ತಳೆ, ಸೇಬು, ಹಾರ್ಲಿಕ್ಸು ಎಂದು ಎರಡು ಕೈಯಲ್ಲೂ ಚೀಲ ಹಿಡಿದಿದ್ದರು, ಹುಡುಗಿಯೊಬ್ಬಳು ತಿನ್ನುವಷ್ಟಲ್ಲ, ಒಂದು ವಾರ್ಡು ತಿನ್ನುವಷ್ಟು. ಕೈಗೆ ಪಟ್ಟಿ ಸುತ್ತಿ ಮಲಗಿದ್ದ ಅನ್ವಿತಾ, “ಶೆಟ್ರು ಮಾಮ, ಗಾಡಿಯ ಮೂತಿ ಪೂರಾ ಚಪ್ಪಟೆ ಆಗಿದೆ” ಎಂದಳು.

“ಬಾಡಿ ಗಟ್ಟಿ ಇತ್ತು, ಅದರಿಂದ ಉಳಿದದ್ದು ಶೆಟ್ರೇ. ಘಾಟಿಯಲ್ಲಿ ಆಗಿದ್ರೆ ನಾವು ಇಲ್ಲ” ಎಂದು ಮೇಷ್ಟ್ರು ಶೆಟ್ಟರ ಕೈ ಹಿಡಿದುಕೊಂಡರು. “ರಸ್ತೆಯಲ್ಲಿ ಒಂದು ಗುಂಡಿ ಇತ್ತು. ಅಲ್ಲಿಯೇ ಟಯರ್ ಹೋಯ್ತು.”

ಶುಭಶ್ರೀ ಪಕ್ಕದ ಮಂಚದ ಹೆಂಗಸಿಗೆ ಶೆಟ್ಟರನ್ನು ತೋರಿಸಿ ಹೇಳಿದರು: “ಇವರೇ ನಾನು ಹೇಳಿದವರು. ಗಾಡಿ ಮಾರಿ ಎಷ್ಟೋ ದಿನದ ಮೇಲೆ ತಾವಾಗಿ ಫೋನ್ ಮಾಡಿ, ಗಾಡಿ ಹೇಗುಂಟು, ಹೊರಡುವ ಮೊದಲು ಗಾಳಿ ನೋಡಿಸಿ ಅಂತ ಹೇಳಿದವರು. ಈ ಕಾಲದಲ್ಲಿ ಯಾರುಂಟು ಹಾಗೆ?”

ಆ ಹೆಂಗಸು ಶೆಟ್ಟರಿಗೆ ಕೈಮುಗಿದರು. ಶೆಟ್ಟರೂ ಮುಗಿದರು. ನಾನು ಅವರ ಮುಖ ನೋಡಿದೆ. ಬುಧವಾರದ ಆ ಸೀಳಿದ ಟಯರು, ಆ ಫೋನು, ಎಲ್ಲ ಒಟ್ಟಿಗೆ ನನಗೆ ಅರ್ಥವಾದದ್ದು ಆಗ.

ಮರಳಿ ಬರುವಾಗ ಕೈಕಂಬದಲ್ಲಿ ಶೆಟ್ಟರು ಕಾರನ್ನು ರಸ್ತೆಯ ಬದಿಗೆ ಹಾಕಿ ನಿಲ್ಲಿಸಿದರು.

“ಗೊತ್ತಿರಲಿಲ್ಲ ಅಂತ ಹೇಳಿದ್ರೆ ಸುಳ್ಳು ಪದ್ಮಾಕ್ಷಿ. ನಿಂತ ಟಯರ್ ಗಟ್ಟಿಯಾಗ್ತದೆ ಅಂತ ಈ ಕಸುಬಿನಲ್ಲಿ ಯಾರಿಗೆ ಗೊತ್ತಿಲ್ಲ? ಗೆರೆ ಉಂಟಲ್ಲ, ಗೆರೆ ಉಂಟಲ್ಲ ಅಂತ ನನಗೆ ನಾನೇ ಹೇಳಿಕೊಂಡದ್ದು. ಆ ಶಾಹಿದಾ ಅಕ್ಕ ಹೊಸತು ಹಾಕಿಸ್ಬೇಕಾ ಅಂತ ಕೇಳಿದ್ರು. ನಾನು ಬೇಡ ಅಂದೆ.”

“ಫೋನ್ ಮಾಡಿದಾಗ ಹೇಳಬಹುದಿತ್ತಲ್ಲ?”

“ಹೇಳ್ಲಿಕ್ಕೇ ಮಾಡಿದ್ದು. ಅವರು ಅಷ್ಟು ಖುಷಿಯಲ್ಲಿ ಇದ್ರು. ಅಕ್ಕಾ, ನಾನು ತೋರಿಸಿದ ಆ ಟಯರಿನಲ್ಲಿ ಹೋಗ್ಬೇಡಿ ಅಂತ ಹೇಗೆ ಹೇಳುವುದು? ಹಾಸನದಿಂದ ಬರಲಿ, ಕರೆಸಿ ಹೊಸತು ಹಾಕಿಸಿ ಕೊಡುವ ಅಂತ ಗ್ರಹಿಸಿದೆ.” ಸ್ಟಿಯರಿಂಗಿನ ಮೇಲೆ ಕೈಯಿಟ್ಟು, “ಒಂದು ಸಾಂಬಾರಿಗೆ ಮಾವನಿಗೆ ಎಷ್ಟು ಬೈದಿದ್ದೆ ನಾನು” ಎಂದರು.

ನನಗೆ ಸಿಟ್ಟು ಬಂದಿತ್ತು. ಆ ಮಗುವಿನ ಬೆರಳನ್ನು ಕರೆದು ಟಯರಿನ ಗೆರೆಯೊಳಗೆ ಇಡಿಸಿದವರು ಇವರು. ಬಾಯಿಗೆ ಬಂದದ್ದನ್ನು ಹೇಳಿಬಿಡೋಣ ಎನ್ನಿಸಿತು. ಆದರೆ ಅವರ ಕಣ್ಣು ನೋಡಿ ಹೇಳಲಾಗಲಿಲ್ಲ. ಹೋಗಿ ಹೇಳಿ ಬನ್ನಿ ಎಂದಷ್ಟೇ ಹೇಳಿದೆ. ಹೇಳ್ತೇನೆ ಎಂದರು.

ಹೇಳಲಿಲ್ಲ. ಕೈ ಗುಣವಾಗಲಿ ಎಂದರು, ಮಳೆ ಕಳೆಯಲಿ ಎಂದರು. ಈ ನಡುವೆ ಯಾರ್ಡಿನಲ್ಲಿದ್ದ ಎಲ್ಲ ಕಾರಿಗೂ ಹೊಸ ಟಯರು ಹಾಕಿಸಿದರು. ಕಂಪೆನಿ ಟಯರು ಎಂಬ ಶಬ್ದ ಅವರ ಬಾಯಿಂದ ಹೋಯಿತು. ಸಾಂಬಾರಿನ ಕತೆಯೂ ನಿಂತಿತು. ಗಿರಾಕಿಗಳ ಜೊತೆ ಸಣ್ಣ ವಿಷಯಕ್ಕೂ ಸಿಡುಕುತ್ತಿದ್ದರು. ಆದರೂ ಗಿರಾಕಿಗಳು ಕಡಿಮೆಯಾಗಲಿಲ್ಲ, ಹೆಚ್ಚಾದರು. ಬೆಳ್ತಂಗಡಿ, ಉಜಿರೆ, ಮುಂಡಾಜೆಯ ಕಡೆಯಿಂದ ಬರುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು: “ನೀವು ಮಾರಿದ ಮೇಲೂ ಫೋನ್ ಮಾಡಿ ಕೇಳ್ತೀರಂತೆ, ಶುಭಶ್ರೀ ಮೇಡಂ ಹೇಳಿದ್ರು.” ಹಾಗೆ ಬಂದವರಿಗೆ ಕಾರು ತೋರಿಸುವಾಗ ಶೆಟ್ಟರು ತಲೆ ಎತ್ತುತ್ತಿರಲಿಲ್ಲ. ಅದನ್ನು ವಿನಯ ಎಂದುಕೊಂಡು ಅವರಿಗೆ ಇನ್ನಷ್ಟು ವಿಶ್ವಾಸ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಮೇಷ್ಟ್ರು ಮಗಳನ್ನು ಕರೆದುಕೊಂಡು ಯಾರ್ಡಿಗೆ ಬಂದರು. ಹಳೆಯ ಕಾರು ಗುಜರಿಗೆ ಹೋಗಿತ್ತು, ಇನ್ಶೂರೆನ್ಸಿನ ಹಣ ಬಂದಿತ್ತು.

“ಅಂಥದ್ದೇ ಇನ್ನೊಂದು ಕೊಡಿ ಶೆಟ್ರೇ. ಬೇರೆ ಎಲ್ಲಿಯೂ ನೋಡುವುದಿಲ್ಲ ಅಂತ ನಮ್ಮ ಮನೆಯವಳು ಖಡಾಖಂಡಿತ ಹೇಳಿದ್ದಾಳೆ. ಕಡಿಮೆ ಓಡಿದ್ದು, ಕಂಪೆನಿ ಟಯರಿನದ್ದು.”

ಅನ್ವಿತಾ ಆಗಲೇ ಒಂದು ಕಾರಿನ ಎದುರು ಕುಳಿತು ಟಯರಿನ ಗೆರೆಯೊಳಗೆ ಬೆರಳು ಹಾಕಿ ನೋಡುತ್ತಿದ್ದಳು. ಈ ಸಲ ಎಡಗೈ. ಬಲಗೈ ಮೊಣಕೈಯ ಗಂಟಿನಲ್ಲಿ ಮಡಚಿಕೊಂಡೇ ಇತ್ತು. ಡಾಕ್ಟರು ವ್ಯಾಯಾಮ ಹೇಳಿದ್ದಾರೆ, ಪೂರ್ತಿ ನೇರ ಆಗುವುದು ಕಷ್ಟವಂತೆ ಎಂದು ಮೇಷ್ಟ್ರು ನನಗೆ ಮೆಲ್ಲನೆ ಹೇಳಿದರು. ತ್ರೋಬಾಲಿನ ಬಗ್ಗೆ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಶೆಟ್ಟರು, “ಇವತ್ತು ಒಳ್ಳೆಯದು ಯಾವುದೂ ಇಲ್ಲ ಮಾಷ್ಟ್ರೇ, ನಾಳೆ ನಾನೇ ಮನೆಗೆ ಬರ್ತೇನೆ” ಎಂದರು. ಅವರು ಹೋದ ಮೇಲೆ ನನ್ನ ಮೇಜಿನ ಬಳಿ ಬಂದು, “ನೀನೂ ಬಾ. ಒಬ್ಬನೇ ಹೋದ್ರೆ ಪುನಃ ಬೇರೆ ಎಂತದಾದ್ರೂ ಹೇಳಿ ಬಂದೇನು” ಎಂದರು.

ಆದಿತ್ಯವಾರ ಬೆಳಿಗ್ಗೆ ವೇಣೂರು, ಗುರುವಾಯನಕೆರೆ ದಾಟಿ, ಕಕ್ಕಿಂಜೆಯಲ್ಲಿ ಒಳಗೆ ತಿರುಗಿ ನೆರಿಯಕ್ಕೆ ಹೋದೆವು. ತಾರಸಿ ಮನೆ, ಎದುರು ಕಾರಿಗೆಂದು ಹೊಸದಾಗಿ ಹಾಕಿಸಿದ ಶೀಟಿನ ಮಾಡು, ಅದರ ಕೆಳಗೆ ಖಾಲಿ. ಗೋಡೆಯ ಮೊಳೆಯಲ್ಲಿ ಒಂದು ತ್ರೋಬಾಲ್ ಬಲೆಯ ಚೀಲದಲ್ಲಿ ನೇತಾಡುತ್ತಿತ್ತು. ಶುಭಶ್ರೀ ಖುಷಿಯಿಂದ ಹೊರಗೆ ಬಂದು, ಕುಳ್ಳಿರಿಸಿ, ಅವರ ಮನೆಗಳ ಕ್ರಮದಂತೆ ಬೆಲ್ಲ ನೀರು ತಂದಿಟ್ಟರು. ಶೆಟ್ಟರು ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬೇಡವೆನ್ನುವ ಹಾಗಿಲ್ಲ. ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಕೊಟ್ಟದ್ದನ್ನು ತಿಂದ ಮೇಲೆ ಹೇಳಬೇಕಾಗಿ ಬಂತಲ್ಲ ಎಂದು ಆಮೇಲೆ ನನ್ನ ಹತ್ತಿರ ಕೊರಗಿದರು.

“ಮಾಷ್ಟ್ರೇ, ಅಕ್ಕಾ” ಎಂದರು. “ಟಯರ್ ಒಡೆದದ್ದು ಗುಂಡಿಯಿಂದ ಅಲ್ಲ. ಅದು ಹದಿಮೂರು ವರ್ಷದ ಟಯರ್. ನಿಂತು ನಿಂತು ಸತ್ತಿತ್ತು. ಗಾಡಿಯವರು ಹೊಸತು ಹಾಕಿಸಿ ಕೊಡ್ತೇನೆ ಅಂತ ಹೇಳಿದ್ರು, ನಾನು ಬೇಡ ಅಂದೆ. ಹಳತು ಇದ್ರೆ ರೇಟು ಸಿಗ್ತದೆ ಅಂತ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಹೋಗ್ಲಿ ಶೆಟ್ರೇ, ಆದದ್ದು ಆಯ್ತು. ನಾನೂ ನೋಡಿದ್ದೇನಲ್ಲ ಆ ಅಂಕಿ. ನನಗೂ ಹೊಳೆಯಬೇಕಿತ್ತು” ಎಂದರು.

ಶುಭಶ್ರೀ ಗಂಡನ ಕಡೆ ನೋಡಲೇ ಇಲ್ಲ. “ಅವತ್ತು ಫೋನ್ ಮಾಡಿದ್ದು?” ಎಂದು ಕೇಳಿದರು.

ಶೆಟ್ಟರು ಖಾಲಿ ಲೋಟವನ್ನು ಕೆಳಗಿಟ್ಟರು.

“ಇದನ್ನು ಹೇಳ್ಲಿಕ್ಕೆ ಮಾಡಿದ್ದಾ?”

“ಹೌದು ಅಕ್ಕ.”

“ಗೊತ್ತಿದ್ದು ಗಾಳಿ ನೋಡಿಸಿ ಅಂತ ಹೇಳಿ ಫೋನ್ ಇಟ್ರಿ.” ಅವರ ದನಿ ಏರಲಿಲ್ಲ. “ಆ ಫೋನಿನ ವಿಷಯ ನಾನು ಎಷ್ಟು ಜನರ ಹತ್ರ ಹೇಳಿದ್ದೇನೆ ಗೊತ್ತುಂಟಾ? ಆಸ್ಪತ್ರೆಯಲ್ಲಿ ನನ್ನ ಮಗು ನೋವಿಗೆ ಕೂಗುವಾಗಲೂ, ನಮಗೆ ಒಳ್ಳೆದು ಬಯಸುವವರೂ ಇದ್ದಾರೆ ಅಂತ ಅದನ್ನೇ ಹೇಳಿ ಸಮಾಧಾನ ಮಾಡಿದ್ದೇನೆ.”

“ಅಕ್ಕ, ಯಾರ್ಡಿನಲ್ಲಿ ಯಾವ ಗಾಡಿ ಬೇಕಾದ್ರೂ…”

“ನಿಮ್ಮ ಗಾಡಿ ನಮಗೆ ಬೇಡ.” ಅವರು ಬೆಲ್ಲದ ತಟ್ಟೆ, ಲೋಟ ಎತ್ತಿಕೊಂಡು ಎದ್ದರು. ಬಾಗಿಲ ಬಳಿ ತಿರುಗಿ ನಿಂತರು. “ನೀವು ಒಳ್ಳೆಯವರು ಅಂತ ನಾನು ಹೇಳಿ ಕಳಿಸಿದವರು ಇನ್ನೂ ಬರ್ತಾರೆ. ಅವರ ಹತ್ರ ಹೋಗಿ ಅಲ್ಲ ಅಂತ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಬಂದವರಿಗೆ ನೀವೇ ಹೇಳಿ.”

ಅನ್ವಿತಾ ಅಂಗಳದಲ್ಲಿ ನಮ್ಮ ಕಾರಿನ ಸುತ್ತ ಬರುತ್ತಿದ್ದಳು. ಹೊರಟಾಗ ಕೈಬೀಸಿದಳು, ಬಲಗೈಯನ್ನೇ. ಅದು ಎಷ್ಟು ಏರುತ್ತದೋ ಅಷ್ಟೇ ಏರಿತು. ಶೆಟ್ಟರು ಕನ್ನಡಿಯಲ್ಲಿ ನೋಡುತ್ತ ಇಂಜಿನ್ ಎರಡು ಸಲ ಬಂದ್ ಮಾಡಿಕೊಂಡರು. ಬರುವ ದಾರಿಯಲ್ಲಿ ನಾನು ನನ್ನ ಉದ್ದ ನಾಲಿಗೆಯನ್ನು ಒಳಗೇ ಇಟ್ಟುಕೊಂಡೆ.

ಆ ವಾರವೇ ಒಬ್ಬರು ಬಂದರು. ಶುಭಶ್ರೀಯ ಸೊಸೈಟಿಯಲ್ಲಿ ಹಾಲು ಅಳೆಯುವವರು, ಮಗಳ ಮದುವೆಗೆ ಮೊದಲು ಒಂದು ಕಾರು ಬೇಕಿತ್ತು. ಬಂದವರೇ, “ಮಾರಿದ ಮೇಲೂ ಫೋನ್ ಮಾಡುವ ಶೆಟ್ರು ನೀವೇ ಅಲ್ವಾ?” ಎಂದು ಕೇಳಿದರು.

“ಕೂತ್ಕೊಳ್ಳಿ” ಎಂದರು ಶೆಟ್ಟರು. “ಗಾಡಿ ಮತ್ತೆ ನೋಡುವ. ಆ ಫೋನಿನ ವಿಷಯ ಮೊದಲು ಹೇಳ್ತೇನೆ.”

ಎಲ್ಲವನ್ನೂ ಹೇಳಿದರು. ಪಾಣೆಮಂಗಳೂರಿನಲ್ಲಿ ಬೇಡ ಅಂದದ್ದು, ಹುಡುಗಿಯ ಬೆರಳು ಗೆರೆಯಲ್ಲಿ ಇಡಿಸಿದ್ದು, ಯಾರ್ಡಿನಲ್ಲಿ ಸೀಳಿದ ಟಯರು, ಬುಧವಾರದ 'ಎಂತದೂ ಇಲ್ಲ', ನೇರವಾಗದ ಕೈ. ತಮ್ಮ ಪರವಾಗಿ ಎಲ್ಲಿಯೂ ಒಂದು ಮಾತು ಸೇರಿಸಲಿಲ್ಲ. ಹೇಳಿ ಮುಗಿಸಿ, ಆ ಮನುಷ್ಯ ಎದ್ದು ಹೋಗುವುದನ್ನು ಕಾಯುತ್ತ ಕುಳಿತರು. ಉಗಿದು ಹೋದರೂ ಅವರಿಗೆ ಅಂದು ಸಮಾಧಾನವಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಆ ಮನುಷ್ಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಇಷ್ಟನ್ನು ಬಾಯಿಬಿಟ್ಟು ಹೇಳುವವರು ಈಗ ಯಾರುಂಟು ಶೆಟ್ರೇ?” ಎಂದರು. “ಬೇರೆ ಕಡೆ ಹೋದ್ರೆ ಮೋಸ ಹೋದದ್ದೂ ಗೊತ್ತಾಗ್ಲಿಕ್ಕಿಲ್ಲ. ನಾನು ತೆಗೆಯುವುದಾದ್ರೆ ನಿಮ್ಮ ಹತ್ರವೇ. ಆ ಬಿಳಿಯದ್ದು ಎಷ್ಟು ಓಡಿದೆ?”

ಶೆಟ್ಟರು ಕೀಲಿಕೈ ತೆಗೆದು ನನ್ನ ಮೇಜಿನ ಮೇಲಿಟ್ಟು, ತೋರಿಸು ಎಂದು ಕೈಸನ್ನೆ ಮಾಡಿದರು. ನಾನು ಬಿಳಿ ಕಾರು ತೋರಿಸಿ, ಆ ಮನುಷ್ಯ ಮುಂಗಡ ಕೊಟ್ಟು ಸಂತೋಷದಿಂದ ಹೋದ ಮೇಲೆ ಒಳಗೆ ನೋಡಿದರೆ, ಅವರು ಕುಳಿತಲ್ಲೇ ಕುಳಿತಿದ್ದರು. ಕೈಯಲ್ಲಿ ಫೋನಿತ್ತು, ಯಾರಿಗೂ ಮಾಡಿರಲಿಲ್ಲ.

“ಪದ್ಮಾಕ್ಷಿ” ಎಂದರು. “ನಿಜ ಹೇಳಿದ್ದನ್ನೂ ಮಾರಿಬಿಟ್ಟೆನಲ್ಲ ನಾನು.”